ಎಜ್ರಾನ ಆಂಪ್ ಗುಂಯ್ ಅನ್ನುವುದಿಲ್ಲ

"ಮಿಸ್ಟರ್ ಲಿಂಡೊ, ಮತ್ತೆ ಕೇಳ್ತಿದೀನಿ. ಇದನ್ನ ಕಟ್ಟಿದ್ದು ನೀವೇ ತಾನೆ?"

ಎಜ್ರಾ ಲಿಂಡೊ ಮೇಜಿನ ಮೇಲೆ ಮುಚ್ಚಳ ಬಿಚ್ಚಿಟ್ಟಿದ್ದ ಆಂಪ್ಲಿಫೈಯರಿನೊಳಗೆ ಬಗ್ಗಿ ನೋಡುತ್ತಲೇ ಇದ್ದ. ಪಕ್ಕದಲ್ಲಿ ಸಾರ್ಜೆಂಟ್ ಆರ್ಮಿಟೇಜ್ ಟಾರ್ಚ್ ಹಿಡಿದು ಬಗ್ಗಿದ್ದ. ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗಿದ್ದ ಆ ಇಬ್ಬರನ್ನು ನೋಡಿ ಎಜ್ರಾನ ತೀರಿಹೋದ ಹೆಂಡತಿಯ ಗೆಳತಿ ಐನೆಜ್ ಪಿನಕ್‌ಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಇವತ್ತು ನಗುವ ಹಾಗಿರಲಿಲ್ಲ. ಹೋದ ಭಾನುವಾರ ಇದೇ ಹಾಲ್‌ನಲ್ಲಿ, ಇದೇ ಆಂಪ್ ಮುಟ್ಟಿ ಶಾಕ್ ಹೊಡೆಸಿಕೊಂಡು ಬಿದ್ದ ರೂಪರ್ಟ್ ಮ್ಯಾಟಿಸ್ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ರೂಪರ್ಟ್ ಬೇರೆ ಯಾರೂ ಅಲ್ಲ, ಎಜ್ರಾನ ಅಳಿಯ, ಮಗಳು ಡೇಲಿಯಾಳ ಗಂಡ. ಹಾಡು ಹಾಕಿ ಜನರನ್ನು ಕುಣಿಸುವ ಗೋಶನ್ ಸೌಂಡ್ ತಂಡಕ್ಕೆ ಸ್ಪೀಕರ್ ಬಾಕ್ಸ್ ಕಟ್ಟುವವನೂ ಅವನೇ, ಅದರ ಮುಂದೆ ನಿಂತು ರೆಕಾರ್ಡ್ ಹಾಕುವವನೂ ಅವನೇ.

"ಪೆಟ್ಟಿಗೆ ನಂದೇ," ಎಂದ ಎಜ್ರಾ ಕೊನೆಗೆ.

"ಒಳಗಿರೋದು?"

ಒಂದು ಸ್ಕ್ರೂ ಬಗ್ಗೆ ಕೇಳಿದರೆ ಒಂದು ಗಂಟೆ ಕೊರೆಯುವ ಮನುಷ್ಯ ಇವನು. ಸಂಸ್ಕಾರದ ದಿನ ಹೆಂಡತಿ ಪರ್ಲ್‌ಳ ಶವಪೆಟ್ಟಿಗೆಯ ಮೂಲೆ ಸರಿಯಾಗಿ ಕೂತಿಲ್ಲವೆಂದು ಬಡಗಿಯ ಜೊತೆ ಜಗಳಕ್ಕೆ ನಿಂತವನು. ಅಂಥವನಿಗೆ ಈಗ ಯಾರೋ ಬಾಯಿಗೆ ಬೀಗ ಹಾಕಿದ ಹಾಗಿತ್ತು. ಐನೆಜ್‌ಗೆ ಒಂದೂ ಅರ್ಥವಾಗಲಿಲ್ಲ.

ಆರ್ಮಿಟೇಜ್ ಟಾರ್ಚ್ ಆರಿಸಿದ. ಕೆಟ್ಟ ಹುಡುಗನಲ್ಲ, ಮಾತಿನಲ್ಲಿ ಮರ್ಯಾದೆ ಇತ್ತು.

"ನೋಡಿ ಸರ್, ನಮ್ಮ ಕಡೆಯೋರು ಎರಡು ತಪ್ಪು ಹೇಳ್ತಿದಾರೆ. ಕರೆಂಟ್ ಒಳಗೆ ಬರೋ ಕಡೆ ಈ ಪುಟ್ಟ ಕಂಡೆನ್ಸರ್ ಇದೆಯಲ್ಲ, ಇದು ಮನೆ ಕರೆಂಟ್ ತಡ್ಕೊಳ್ಳೋ ಅಂಥದ್ದೇ ಅಲ್ಲ. ಸುಟ್ಟುಹೋಗಿ ಕರೆಂಟ್ ನೇರವಾಗಿ ಪೆಟ್ಟಿಗೆಗೆ ಹರಿದಿದೆ. ಅರ್ಥಿಂಗ್ ವಯರ್ ಇದ್ದಿದ್ರೆ ಫ್ಯೂಸ್ ಹೋಗಿ ಅಲ್ಲಿಗೆ ಮುಗೀತಿತ್ತು. ಆ ವಯರನ್ನೂ ಬಿಚ್ಚಿ ಟೇಪ್ ಸುತ್ತಿದಾರೆ. ಒಂದು ತಪ್ಪಾಗಿದ್ರೆ ಅವ್ರು ಇವತ್ತು ಓಡಾಡ್ಕೊಂಡಿರ್ತಿದ್ರು. ಎರಡೂ ಸೇರಿದ್ದಕ್ಕೆ ಹೀಗಾಗಿದೆ."

"ಮತ್ತೆ ಈ ನಂಬರ್‌ಗಳು?" ಐನೆಜ್ ಕೈ ತೋರಿಸಿದಳು. ಒಳಗಿನ ಒಂದೊಂದು ಬಿಡಿಭಾಗದ ಮೇಲೂ ಅದು ಯಾವ ಅಳತೆಯದೆಂದು ಅಚ್ಚಾಗಿದ್ದ ನಂಬರನ್ನು ಯಾರೋ ಅರದಿಂದ ಕೆರೆದು ಅಳಿಸಿದ್ದರು.

"ಅಯ್ಯೋ ಮಿಸ್ ಐನೆಜ್, ಅದ್ರಲ್ಲೇನಿದೆ?" ಹಿಂದಿನಿಂದ ಲ್ಯಾಸೆಲ್ಸ್ ಟುಲಕ್ ಹೇಳಿದ. ಗೋಶನ್ ಸೌಂಡ್‌ನ ಯಜಮಾನ ಅವನೇ. "ಸೌಂಡ್ ಕಟ್ಟೋರೆಲ್ಲ ಕೆರೀತಾರೆ. ರೆಕಾರ್ಡಿನ ಲೇಬಲ್ಲೂ ಕೆರೀತೀವಿ. ಇಲ್ದಿದ್ರೆ ಲೀಡ್ಸ್ ಊರಿನ ತಂಡದೋರು ಬೆಳಗಾಗೋದ್ರೊಳಗೆ ನಕಲು ಮಾಡ್ತಾರೆ."

ಎಜ್ರಾ ತಲೆ ಎತ್ತಿ ಲ್ಯಾಸೆಲ್ಸ್‌ನನ್ನು ಒಮ್ಮೆ ನೋಡಿದ. ಏನೋ ಹೇಳಲು ಹೊರಟು ತುಟಿ ಕಚ್ಚಿಕೊಂಡ.

"ಸಂಜೆ ಐದಕ್ಕೆ ಠಾಣೆಗೆ ಬನ್ನಿ. ವಕೀಲರಿದ್ರೆ ಜೊತೇಲಿ ಬರ್ಲಿ," ಎಂದ ಆರ್ಮಿಟೇಜ್. "ನಿಮ್ಮ ಅಳಿಯ ಉಳಿದ್ರೆ ಒಂದು ಕೇಸು, ಉಳೀದಿದ್ರೆ ಇನ್ನೊಂದು. ಯೋಚ್ನೆ ಮಾಡಿ ಮಾತಾಡಿ."

ಆಂಪನ್ನು ಕಂಬಳಿಯಲ್ಲಿ ಸುತ್ತಿ ಕಾನ್‌ಸ್ಟೇಬಲ್ ಹೊತ್ತೊಯ್ದ. ಐನೆಜ್ ಫ್ಲಾಸ್ಕ್‌ನಿಂದ ಶುಂಠಿ ಚಹಾ ಬಗ್ಗಿಸಿ ಎಜ್ರಾನ ಕೈಗಿಟ್ಟಳು. ಅರ್ಧ ನೆಲಕ್ಕೆ, ಇನ್ನರ್ಧ ಪ್ಯಾಂಟಿಗೆ ಚೆಲ್ಲಿತು. ಅವನ ಕೈ ನಡುಗಲು ಶುರುವಾಗಿ ನಾಲ್ಕು ವರ್ಷವಾಯಿತು. ಕಾದ ಕಬ್ಬಿಣದಿಂದ ಬೆಸುಗೆ ಹಾಕುವಾಗ ಮಣಿಕಟ್ಟನ್ನು ಒಂದು ಇಟ್ಟಿಗೆಗೆ ಒತ್ತಿ ಹಿಡಿಯುತ್ತಾನೆ, ಹೇಗೋ ಆಗುತ್ತದೆ. ಚಹಾಕ್ಕೆ ಇಟ್ಟಿಗೆ ಎಲ್ಲಿಂದ ತರುವುದು?

"ಕಾರಲ್ಲಿ ಕೂತಿರ್ತೀನಿ," ಎಂದು ಎಜ್ರಾ ಟೋಪಿ ಹಾಕಿಕೊಂಡು ಹೊರಟುಹೋದ.

ಅವನು ಜೈಲಿಗೆ ಹೋದರೂ ಹೋಗಬಹುದು. ಹೋಗದಿದ್ದರೂ ಹಡರ್ಸ್‌ಫೀಲ್ಡ್‌ನಲ್ಲಿ ಇನ್ನು ಯಾರೂ ಅವನು ಕಟ್ಟಿದ ಆಂಪ್ ಮುಟ್ಟುವುದಿಲ್ಲ. ಅಳಿಯನನ್ನೇ ಬೀಳಿಸಿದ ಆಂಪ್ ಎಂದೇ ಹೆಸರು ನಿಲ್ಲುತ್ತದೆ. ಫೌಂಡ್ರಿಯಲ್ಲಿ ಹಗಲೆಲ್ಲ ಬೆವರು ಸುರಿಸಿ, ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ತಂತಿ ಜೋಡಿಸಿ ಗಳಿಸಿದ ಒಳ್ಳೆಯ ಹೆಸರು ಮಣ್ಣುಪಾಲಾಗುತ್ತದೆ. ಸಾಯುವ ಮುಂಚೆ ಪರ್ಲ್ ಐನೆಜ್‌ಳ ಕೈ ಹಿಡಿದು ಹೇಳಿದ್ದಳು, ಅವನನ್ನು ನೋಡಿಕೋ ಎಂದು.

ಹಾಲ್‌ನಲ್ಲಿ ಈಗ ಅವಳು, ಲ್ಯಾಸೆಲ್ಸ್, ಮತ್ತೆ ಆ ಎಂಟು ಬಾಕ್ಸ್‌ಗಳು.

ಗೋಡೆಗೆ ಗೋಡೆಯಾಗಿ ನಿಂತಿದ್ದವು. ಒಂದೊಂದರಲ್ಲೂ ಊಟದ ತಟ್ಟೆಗಿಂತ ದೊಡ್ಡ ಎರಡೆರಡು ಸ್ಪೀಕರ್. ಚಳಿಗಾಲ ಪೂರ್ತಿ ಹಳೆ ಗಿರಣಿಯ ನೆಲಮಾಳಿಗೆಯಲ್ಲಿ ರೂಪರ್ಟ್ ಪ್ಲೈವುಡ್ ಕೊಯ್ದು ಅಂಟು ಹಾಕಿದ್ದ. ಗಾಳಿ ಸೋರುತ್ತದೆಯೇ ಎಂದು ಹಾಡು ಹಾಕಿ, ಒಂದೊಂದು ಸಂದಿಯ ಮುಂದೂ ಮೇಣದಬತ್ತಿ ಹಿಡಿದು ನೋಡಿದ್ದ. ಬೆಂಕಿ ಅಲುಗಿದರೆ ಮತ್ತೆ ಬಿಚ್ಚಿ ಮತ್ತೆ ಅಂಟು. ಬಾಕ್ಸ್‌ಗಳ ಮುಖದ ಮೇಲೆ ಡೇಲಿಯಾ ಕೆಂಪು ಬಣ್ಣದಲ್ಲಿ ಗೋಶನ್ ಎಂದು ಬರೆದು, ಕೆಳಗೆ ಕಾರ್ಯಕ್ರಮಕ್ಕೆ ಕರೆಯುವವರಿಗಾಗಿ ಫೋನ್ ನಂಬರ್ ಬರೆದಿದ್ದಳು. ಅಂಗಡಿ ಬೋರ್ಡ್ ಬರೆಯುವುದೇ ಅವಳ ಕಸುಬು. ಅವಳು ಬರೆದ ಏಳಕ್ಕೆ ಕೆಳಗೆ ಬೆಕ್ಕಿನ ಬಾಲದಂಥ ಒಂದು ಸುರುಳಿ ಇರುತ್ತದೆ. ಪುಟ್ಟ ಹುಡುಗಿಯಾಗಿದ್ದಾಗಿನಿಂದಲೂ ಹಾಗೆಯೇ. ಐನೆಜ್ ಆ ಬಾಲವನ್ನು ನೋಡಿ, ಆಸ್ಪತ್ರೆಯಲ್ಲಿ ಊಟ ತಿಂಡಿ ಬಿಟ್ಟು ಗಂಡನ ಪಕ್ಕ ಕೂತಿರುವ ಆ ಹೆಣ್ಣನ್ನು ನೆನೆದು ನಿಟ್ಟುಸಿರು ಬಿಟ್ಟಳು.

ಬೆಳಿಗ್ಗೆ ಅಲ್ಲಿಗೇ ಹೋಗಿ ಬಂದಿದ್ದಳು. ಡೇಲಿಯಾ ಒಬ್ಬಳನ್ನು ಬಿಟ್ಟು ಯಾರನ್ನೂ ಒಳಗೆ ಬಿಡಬೇಡಿ ಎಂದು ವಾರ್ಡಿನ ನರ್ಸ್‌ಗೆ ಕಟ್ಟಪ್ಪಣೆ ಮಾಡಿ ಬಂದಿದ್ದಳು. ಮುಖ್ಯವಾಗಿ ಈ ಲ್ಯಾಸೆಲ್ಸ್‌ನನ್ನು ಬಿಡಬಾರದೆಂದು. ರೂಪರ್ಟ್ ಬಿದ್ದ ದಿನ ಮೊದಲು ಆಂಪ್ ಹತ್ತಿರ ಓಡಿದವನು ಇವನು, ರೂಪರ್ಟ್ ಹತ್ತಿರ ಅಲ್ಲ.

"ಲ್ಯಾಸೆಲ್ಸ್."

"ಏನ್ ಮಿಸ್ ಐನೆಜ್?"

ಅವಳು ಸುಮ್ಮನೆ ಕೈ ಚಾಚಿ ನಿಂತಳು. ಇಪ್ಪತ್ತು ವರ್ಷ ಈ ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಕೈ ಅದು. ಟಿಕೆಟ್ ಇಲ್ಲದವರು ಆ ಕೈ ನೋಡಿದರೆ ತಾವಾಗಿಯೇ ಮಾತು ಶುರು ಮಾಡುತ್ತಿದ್ದರು.

"ಏನು? ನಾನೇನ್ ಮಾಡಿದೀನಿ?" ಲ್ಯಾಸೆಲ್ಸ್ ಒಂದು ಹೆಜ್ಜೆ ಹಿಂದೆ ಸರಿದ. "ಆಂಪ್ ಕಟ್ಟಿದ್ದು ನಾನಲ್ಲ. ಇಲ್ಲಿನ ಅಡುಗೆಮನೆ ಕರೆಂಟ್ ಒಲೆ ಲೈನ್‌ನಿಂದ ದಪ್ಪ ಕೇಬಲ್ ಎಳ್ದಿದ್ದು ಮಾತ್ರ ನಾನು. ಹಾಲ್‌ನ ಪ್ಲಗ್‌ಗೆ ಕೊಟ್ರೆ ಒಂದೇ ಹಾಡಿಗೆ ಫ್ಯೂಸ್ ಹೋಗುತ್ತೆ. ಅದು ಸರಿಯಾಗೇ ಇತ್ತು, ಪೊಲೀಸೋರೇ ಹೇಳಿದಾರೆ."

ಕೈ ಅಲ್ಲೇ ಇತ್ತು.

"ಯಾಕ್ ಹಂಗ್ ನೋಡ್ತೀರ?"

"ಅರ್ಥಿಂಗ್ ವಯರ್ ಬಿಚ್ಚಿದ್ದು ಯಾರು?"

"ನಂಗೇನ್ ಗೊತ್ತು?"

"ಅದಕ್ಕೆ ಸುತ್ತಿರೋ ಟೇಪು ಹಸಿರು. ನಿನ್ನ ರೆಕಾರ್ಡ್ ಪೆಟ್ಟಿಗೆ ಹಿಡಿಗೆ ಸುತ್ತಿರೋದೂ ಹಸಿರು. ಎಜ್ರಾನ ಮನೇಲಿ ಕಪ್ಪು ಟೇಪ್ ಬಿಟ್ಟು ಬೇರೆ ನಾನು ನೋಡಿಲ್ಲ. ಆರ್ಮಿಟೇಜ್‌ಗೆ ಹೇಳ್ಲಾ? ಇನ್ನೂ ಗೇಟ್ ದಾಟಿಲ್ಲ ಅವನು."

ಲ್ಯಾಸೆಲ್ಸ್ ಬಾಕ್ಸ್ ಒಂದಕ್ಕೆ ಒರಗಿದ. ದೊಡ್ಡ ಆಳು. ಇವನೊಬ್ಬನೇ ಒಂದು ಬಾಕ್ಸನ್ನು ಮೆಟ್ಟಿಲು ಹತ್ತಿಸಿದ್ದನ್ನು ಊರು ನೋಡಿದೆ. ಆ ದೇಹವೆಲ್ಲ ಒಮ್ಮೆಲೇ ಕುಸಿದ ಹಾಗೆ ಕಂಡಿತು.

"ರೂಪರ್ಟೇ ಬಿಚ್ಚಿದ್ದು," ಎಂದ. "ನಾನೇ ಬಿಚ್ಚು ಅಂದೆ."

"ಯಾಕೋ ಪುಣ್ಯಾತ್ಮ?"

"ಗುಂಯ್ ಅಂತಿತ್ತು."

"ಏನು?"

"ಆಂಪು. ಗುಂಯ್ ಅಂತಿತ್ತು, ಮಿಸ್ ಐನೆಜ್. ಹಾಡು ನಿಂತ ತಕ್ಷಣ ಜೇನುಗೂಡಿನ ಥರ. ಈಸ್ಟರ್ ಆದ್ಮೇಲೆ ಶುರುವಾಯ್ತು. ಬರೋ ರಜೆ ಸೋಮವಾರ ಲೀಡ್ಸ್‌ನೋರ ಜೊತೆ ಯಾರ ಸೌಂಡ್ ಮೇಲು ಅಂತ ನಮ್ಮ ಪಂದ್ಯ. ಅವ್ರ ಮುಂದೆ ಗುಂಯ್ ಅಂದ್ರೆ ನಾವು ರೆಕಾರ್ಡ್ ಹಾಕೋದೇ ಬೇಡ, ಅಷ್ಟಕ್ಕೇ ನಗ್ತಾರೆ. ಅರ್ಥಿಂಗ್ ಬಿಚ್ಚಿದ್ರೆ ಗುಂಯ್ ಹೋಗುತ್ತೆ. ಹೋಯ್ತು ಕೂಡ."

"ಅದನ್ನ ಕಟ್ಟಿದ ಮನುಷ್ಯ ಎರಡು ಬೀದಿ ಆಚೆ ಇದಾನೆ. ಅವನಿಗೆ ಹೇಳೋಕೆ ಏನಾಗಿತ್ತು ನಿಮಗೆ?"

ಲ್ಯಾಸೆಲ್ಸ್ ಅವಳನ್ನು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದ.

"ಮಾಸ್ ಎಜ್ರಾಗೆ, ಅಂಥ ಹಿರಿಯರಿಗೆ ಹೇಳೋದಾ? ನಿಮ್ಮ ಆಂಪ್ ಗುಂಯ್ ಅಂತಿದೆ ಅಂತ? ಅವ್ರ ಮುಖದ ಮೇಲೆ? ನಮ್ಮಪ್ಪನಿಗೆ ನಿಂಗೆ ಕಿವಿ ಕೇಳಲ್ಲ ಅಂದ್ರೂ ಅಂದೇನು, ಅದನ್ನ ಮಾತ್ರ ಹೇಳೋಕಾಗಲ್ಲ. ಎಜ್ರಾನ ಆಂಪ್ ಗುಂಯ್ ಅನ್ನೋದಿಲ್ಲ ಅಂತ ಇಲ್ಲಿಂದ ಬ್ರಿಸ್ಟಲ್‌ವರೆಗೂ ಮಾತಿದೆ. ಡೇಲಿಯಾನೂ ಅದೇ ಅಂದ್ಲು, ಅಪ್ಪಂಗೆ ಹೇಳ್ಬೇಡಿ, ನೊಂದ್ಕೋತಾರೆ ಅಂತ. ಮಾರನೇ ದಿನ ರೂಪರ್ಟ್ ಬಂದು, ಅರ್ಥಿಂಗ್ ಬಿಚ್ಚಿದ್ರೆ ಸರಿಹೋಗುತ್ತಂತೆ ಅಂದ. ನಾನು ಬಿಚ್ಚು ಅಂದೆ." ಕಣ್ಣೊರೆಸಿಕೊಂಡ. "ಅವತ್ತು ಓಡಿಹೋಗಿ ಆ ವಯರನ್ನ ಮತ್ತೆ ಸಿಗಿಸೋಣ ಅಂತಿದ್ದೆ. ಹೆದರಿಕೆಯಿಂದ. ಆಗ್ಲಿಲ್ಲ. ಅವನು ಆ ಕಡೆ ಬಿದ್ದಿದ್ದ, ನಾನು ಇಲ್ಲಿ ವಯರ್ ಹುಡುಕ್ತಾ ಇದ್ದೆ. ಥೂ, ನಂದೂ ಒಂದು ಜನ್ಮ."

ಐನೆಜ್ ಚಾಚಿದ ಕೈ ಇಳಿಸಿದಳು. ಇವನನ್ನು ಬೈಯಲು ಬೆಳಿಗ್ಗೆಯಿಂದ ಮಾತು ಕೂಡಿಟ್ಟುಕೊಂಡಿದ್ದಳು. ಈಗ ಫ್ಲಾಸ್ಕ್‌ನಲ್ಲಿ ಉಳಿದ ಚಹಾ ಬಗ್ಗಿಸಿ ಅವನ ಮುಂದೆ ಇಟ್ಟಳು.

ಒಂದು ಗಂಟು ಬಿಚ್ಚಿತು, ಸರಿ. ಆದರೆ ಅದರೊಳಗೇ ಇನ್ನೊಂದು. ಅರ್ಥಿಂಗ್ ಬಿಚ್ಚಿದ್ದು ಒಣಜಂಬಕ್ಕೆ. ಹಾಗಾದರೆ ಆ ಅಗ್ಗದ ಕಂಡೆನ್ಸರ್? ಗುಂಯ್ ಅನ್ನದ ಆಂಪ್ ಈಸ್ಟರ್ ಆದಮೇಲೆ ಗುಂಯ್ ಅನ್ನಲು ಶುರು ಮಾಡಿದ್ದು ಯಾಕೆ?

ಕಾರಿನ ಬಾಗಿಲು ಹಾಕಿದ ಕೂಡಲೇ ಎಜ್ರಾ ಹೇಳಿದ, "ಠಾಣೆಗೆ ನಡಿ."

"ಐದಕ್ಕೆ ಕಣೋ ಹೇಳಿದ್ದು. ಇನ್ನೂ ಮಧ್ಯಾಹ್ನದ ಊಟ ಆಗಿಲ್ಲ. ಮೀನು ಕರಿದು ಬ್ರೆಡ್ ತಂದಿದೀನಿ, ಹಿಂದಿನ ಸೀಟಲ್ಲಿದೆ."

"ಹಸಿವಿಲ್ಲ."

"ಮುನಿಸ್ಕೋ ಬೇಡ. ನಿಂಗೊಂದು ವಿಷ್ಯ ಹೇಳ್ಬೇಕು. ಲ್ಯಾಸೆಲ್ಸ್ ಬಾಯಿ ಬಿಟ್ಟ. ನಿನ್ನ ಆಂಪ್ ಗುಂಯ್ ಅಂತಿತ್ತಂತೆ, ಅದಕ್ಕೇ ಅರ್ಥಿಂಗ್..."

"ಯಾರ್ ಆಂಪು?"

"ನಿಂದು."

"ಗುಂಯ್ ಅಂತಿತ್ತಾ?"

"ಹೂಂ, ಈಸ್ಟರ್‌ನಿಂದ."

ಎಜ್ರಾನ ಕುತ್ತಿಗೆಯ ನರ ಉಬ್ಬಿತು. "ಯಾವ ಕತ್ತೆ ಹೇಳಿದ್ದು? ನನ್ನ ಆಂಪು ಗುಂಯ್ ಅನ್ನುತ್ತಾ? ನನ್ನ ಟ್ರಾನ್ಸ್‌ಫಾರ್ಮರ್ ನಾನೇ ಕೈಯಿಂದ ಸುತ್ತೋನು! ಒಂದೊಂದು ಸುತ್ತಿಗೂ ಕಾಗದ ಇಟ್ಟು ಸುತ್ತೋನು! ಅದು ನಂದಲ್ಲವೇ ಅಲ್ಲ! ಯಾರೋ ನನ್ನ ಪೆಟ್ಟಿಗೆಯೊಳಗಿಂದ ನಂದನ್ನ ಕಿತ್ತು ತಮ್ಮ ಕಸ ತುಂಬಿದಾರೆ!"

ಹೇಳಿಬಿಟ್ಟ. ಹೇಳಿದ ಮೇಲೆ ತನ್ನ ಬಾಯನ್ನೇ ಮುಚ್ಚಿಕೊಂಡ. ತಡವಾಗಿತ್ತು.

ಐನೆಜ್ ಕಾರಿನ ಕೀಲಿ ತಿರುಗಿಸಲು ಹೋದ ಕೈಯನ್ನು ತಡೆದಳು.

"ಇದನ್ನ ಒಳಗೆ ಆ ಹುಡುಗನ ಮುಂದೆ ಯಾಕೆ ಹೇಳ್ಲಿಲ್ಲ ನೀನು? ಜೈಲಿಗೆ ಹೋಗೋಕೆ ಅಷ್ಟೊಂದು ಆಸೇನಾ?"

"ಬಿಡು."

"ಬಿಡಲ್ಲ. ನಿಂದಲ್ಲ ಅಂತ ಹೆಂಗ್ ಗೊತ್ತಾಯ್ತು? ನಂಬರ್ ಕೆರೆದಿದ್ರಲ್ಲ, ಎಲ್ಲಾ ಒಂದೇ ಥರ ಕಾಣ್ತಿತ್ತು."

ಎಜ್ರಾ ಕಿಟಕಿಯಾಚೆ ನೋಡಿದ. ಜಂಬ ಒಮ್ಮೆ ಹೊರಬಿದ್ದರೆ ಅರ್ಧಕ್ಕೆ ನಿಲ್ಲುವುದಿಲ್ಲ. ಐನೆಜ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಕಾದಳು.

"ಅದಕ್ಕೇ ಗೊತ್ತಾಯ್ತು," ಎಂದ ಕೊನೆಗೆ. "ನಾನು ಕೆರೆಯೋದಿಲ್ಲ. ಕೆರೆಯೋದೆಲ್ಲ ಹಳೇ ಕಾಲ. ನಂಬರ್ ಕೆರೆದ್ರೆ ಕಳ್ಳ ಎಚ್ಚರಿಕೆಯಿಂದ ಯೋಚ್ನೆ ಮಾಡಿ, ಅಳೆದು ನೋಡಿ ಕಂಡ್ಹಿಡೀತಾನೆ. ಅದರ ಬದಲು ಸರಿ ನಂಬರ್ ಅಳಿಸಿ, ಮೇಲೆ ಸುಳ್ಳು ನಂಬರ್ ಬರೆದ್ರೆ? ಕಳ್ಳನಿಗೆ ಧೈರ್ಯ ಬರುತ್ತೆ. ಅದೇ ನಂಬರಿಂದು ತಂದು ಹಾಕ್ತಾನೆ. ಮೊದಲನೇ ಹಾಡಿಗೇ ಹೊಗೆ!"

ಇಷ್ಟೆಲ್ಲದರ ನಡುವೆಯೂ ಅವನ ಮೀಸೆಯ ಕೆಳಗೆ ಒಂದು ನಗು ಹಾದುಹೋಯಿತು.

"ಅಬ್ಬಾ, ಎಂಥಾ ಮುದುಕನೋ ನೀನು!" ಎಂದಳು ಐನೆಜ್. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. "ತಡಿ ತಡಿ. ಕಳ್ಳ ನಿನ್ನ ಸುಳ್ಳು ನಂಬರ್ ನೋಡ್ಕೊಂಡು ನಕಲು ಕಟ್ಟಿದ್ರೆ ಮೊದಲನೇ ಹಾಡಿಗೇ ಸುಟ್ಟುಹೋಗ್ಬೇಕಿತ್ತು. ಇದು ಈಸ್ಟರ್‌ನಿಂದ ಹೋದ ಭಾನುವಾರದವರೆಗೂ ಹಾಡಿದೆ. ಗುಂಯ್ ಅಂತಿತ್ತು, ಆದ್ರೂ ಹಾಡ್ತಿತ್ತು."

ಎಜ್ರಾನ ನಗು ಹೋಯಿತು.

"ಅಂದ್ರೆ ಅದನ್ನ ಕಟ್ಟಿದೋರಿಗೆ ಸರಿ ನಂಬರ್ ಗೊತ್ತಿತ್ತು," ಐನೆಜ್ ತನಗೇ ಹೇಳಿಕೊಳ್ಳುವಂತೆ ಮುಂದುವರಿಸಿದಳು. "ಹೊರಗಡೆ ಗೊತ್ತಾಗ್ಬಾರ್ದು ಅಂತ ತಮ್ಮದನ್ನ ಕೆರೆದಿದಾರೆ. ಎಲ್ಲಾ ಸರಿ ಹಾಕಿದೋರು ಆ ಒಂದು ಕಂಡೆನ್ಸರ್ ಮಾತ್ರ ತಪ್ಪು ಹಾಕಿದಾರೆ. ಎಜ್ರಾ, ನಿನ್ನ ನಂಬರ್ ಇನ್ಯಾರಿಗೆ ಗೊತ್ತು?"

"ಪರ್ಲ್‌ಗೆ ಗೊತ್ತಿತ್ತು. ಅವಳು ಹೋದ್ಲು."

"ಬೇರೆ?"

"ಯಾರಿಗೂ ಇಲ್ಲ. ಸುಳ್ಳು ನಂಬರ್ ಬರಿಯೋನೂ ನಾನೇ. ಸಾಕು ಐನೆಜ್. ಠಾಣೆಗೆ ನಡಿ. ಅದು ನಂದೇ ಅಂತ ಹೇಳ್ತೀನಿ. ಪೆಟ್ಟಿಗೆ ನಂದು, ಒಳಗಿರೋದೂ ನಂದು, ತಪ್ಪೂ ನಂದು. ಮುಗೀತು."

"ಈಗ ತಾನೆ ನಿಂದಲ್ಲ ಅಂದೆ!"

"ಈಗ ನಂದು ಅಂತಿದೀನಿ."

ಐನೆಜ್‌ಗೆ ತಲೆ ಚಿಟ್ಟು ಹಿಡಿಯಿತು. ಅಲ್ಲ, ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವ ಮನುಷ್ಯರನ್ನು ಬಸ್ಸಿನಲ್ಲಿ ಅವಳು ಒಂದೇ ಸಲ ನೋಡಿದ್ದಳು. ಒಬ್ಬ ಹೆಂಗಸು ತನ್ನ ಟಿಕೆಟನ್ನು ಮಗನ ಜೇಬಿಗೆ ತುರುಕಿ, ತನ್ನ ಹತ್ತಿರವೇ ಇಲ್ಲ ಎಂದಿದ್ದಳು. ಆ ನೆನಪು ಬಂದಾಗ ಏನೋ ಹೊಳೆದ ಹಾಗಾಯಿತು. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ, ಹೊಳೆದದ್ದು ಹಾರಿಹೋಯಿತು.

ಕಾರು ಹೊರಟಿತು. ಒಂದು ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ನಕಲು ಒಳಗೆ ಬಂದಿದ್ದರೆ ಅಸಲಿ ಎಲ್ಲಿಗೆ ಹೋಯಿತು? ಅಷ್ಟು ದೊಡ್ಡ ಬೇಸ್ ಸದ್ದು ಹೊರಡಿಸುವ ವಸ್ತುವನ್ನು ಮಂಚದ ಕೆಳಗೆ ಬಚ್ಚಿಡಲು ಆಗುವುದಿಲ್ಲ. ಎಲ್ಲೋ ಒಂದು ಕಡೆ ಅದು ಹಾಡುತ್ತಿರಲೇಬೇಕು.

ಚರ್ಚಿನ ಬೀದಿ ಬಂತು. ಶನಿವಾರ ಮಧ್ಯಾಹ್ನ ಗಾಯಕರ ತಾಲೀಮು. ಐನೆಜ್ ಅಭ್ಯಾಸಬಲದಿಂದ ಗೊಣಗಿದಳು, "ಹಾಡ್ತಾರೋ ಗುಡುಗ್ತಾರೋ ದೇವ್ರೇ ಬಲ್ಲ. ಆ ಹೊಸ ಬೇಸ್ ಗಿಟಾರ್ ಬಂದಾಗಿಂದ ಭಾನುವಾರ ನನ್ನ ಟೋಪಿ ಮೇಲಿನ ಹೂವೆಲ್ಲ ಕುಣಿಯುತ್ತೆ. ಪಾಸ್ಟರ್‌ಗೆ ಈಸ್ಟರ್‌ನಿಂದ ಹೇಳ್ತಾನೇ..."

ಮಾತು ನಿಂತಿತು. ಬ್ರೇಕ್ ಕಿರುಚಿತು.

ಎಜ್ರಾ ಆಗಲೇ ಕಿಟಕಿಯ ಗಾಜು ಇಳಿಸಿದ್ದ. ಚರ್ಚಿನ ತೆರೆದ ಬಾಗಿಲಿನಿಂದ ಬೇಸ್ ಉರುಳಿ ಬರುತ್ತಿತ್ತು, ದಪ್ಪಗೆ, ಬೆಚ್ಚಗೆ, ಕಾರಿನ ಸೀಟನ್ನು ಕೆಳಗಿನಿಂದ ತಟ್ಟುತ್ತ. ಹಾಡು ಮುಗಿಯಿತು. ಅವನು ಬೆರಳೆತ್ತಿ, ಮಾತಾಡಬೇಡ ಎಂದು ಸನ್ನೆ ಮಾಡಿದ. ಕೇಳಿದ. ಏನೂ ಇಲ್ಲ. ಬೀದಿಯಲ್ಲಿ ಒಂದು ಗುಬ್ಬಚ್ಚಿಯ ಸದ್ದು ಬಿಟ್ಟು ಏನೂ ಇಲ್ಲ.

"ನಂದು," ಎಂದ ಎಜ್ರಾ. ಮುದುಕನ ಕಣ್ಣು ತುಂಬಿತ್ತು. "ಐನೆಜ್, ಒಳಗೆ ಹೋಗೋದು ಬೇಡ. ಕಾಲು ಹಿಡೀತೀನಿ."

ಅವಳು ಆಗಲೇ ಇಳಿದಿದ್ದಳು.

ಪಾಸ್ಟರ್ ವೆಡರ್‌ಬರ್ನ್ ಎರಡೂ ಕೈ ಚಾಚಿಕೊಂಡು ಬಂದ. "ಸಿಸ್ಟರ್ ಐನೆಜ್! ಓಹೋ, ಮಾಸ್ ಎಜ್ರಾ! ಕೊನೆಗೂ ನಿಮ್ಮ ಕಾಣಿಕೆ ನೋಡೋಕೆ ಬಂದ್ರಲ್ಲ! ಥ್ಯಾಂಕ್ಸ್ ಹೇಳ್ಬೇಡಿ, ಅವ್ರಿಗೆ ಸಂಕೋಚ ಅಂತ ಹೇಳಿದ್ರು, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ರೂಪರ್ಟ್‌ಗಾಗಿ ಎಲ್ರೂ ಪ್ರಾರ್ಥನೆ ಮಾಡ್ತಿದೀವಿ."

"ನನ್ನ ಕಾಣಿಕೆ," ಎಂದ ಎಜ್ರಾ ಹಿಂದಿನಿಂದ, ಉಸಿರು ಕಟ್ಟಿಕೊಂಡು. "ಹೌದು. ನಾನೇ ಕೊಟ್ಟಿದ್ದು."

ಸುಳ್ಳು. ಟಿಕೆಟ್ ಮನೆಯಲ್ಲಿ ಮರೆತೆ ಎನ್ನುವವರ ದನಿ ಹೀಗೇ ಇರುತ್ತದೆ.

ವೇದಿಕೆಯ ಬದಿಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಅದರ ಮೇಲೆ ಹೂದಾನಿ. ಐನೆಜ್ ಹೂದಾನಿ ಎತ್ತಿ ಪಾಸ್ಟರನ ಕೈಗೆ ಕೊಟ್ಟಳು. ಬಟ್ಟೆ ತೆಗೆದಳು. ಹಿಂಬದಿಯ ಹಲಗೆಗೆ ಎರಡೇ ತಿರುಪು. ಕರೆಂಟ್ ತೆಗೆಸಿ, ಪರ್ಸಿನಲ್ಲಿದ್ದ ನಾಣ್ಯದಿಂದ ಬಿಚ್ಚಿದಳು. ಗಾಯಕರೆಲ್ಲ ಬಾಯಿ ತೆರೆದು ನಿಂತರು.

ಒಳಗೆ ತಂತಿಗಳು ಜಡೆ ಹಾಕಿದ ಹಾಗೆ ಅಚ್ಚುಕಟ್ಟಾಗಿದ್ದವು. ಯಾವುದನ್ನೂ ಕೆರೆದಿರಲಿಲ್ಲ. ಒಂದೊಂದು ಬಿಡಿಭಾಗದ ಮೇಲೂ ಬಿಳಿ ಬಣ್ಣದಲ್ಲಿ, ಕೂದಲಿನಂಥ ಕುಂಚದಲ್ಲಿ ಬರೆದ ಪುಟ್ಟ ಪುಟ್ಟ ನಂಬರು. ಅಕ್ಕಿಕಾಳಿನಷ್ಟು ಚಿಕ್ಕದು, ಒಂದು ಗೆರೆಯೂ ಅಲುಗಿರಲಿಲ್ಲ.

ಐನೆಜ್ ಕನ್ನಡಕ ಏರಿಸಿಕೊಂಡಳು.

"ಇದನ್ನ ಯಾವಾಗ ಕಟ್ಟಿದ್ದು, ಎಜ್ರಾ?"

"ಹೋದ ವರ್ಷ."

ಪರ್ಲ್ ತೀರಿಕೊಂಡು ಮೂರು ವರ್ಷ. ಚಹಾ ಲೋಟವನ್ನೂ ನೆಟ್ಟಗೆ ಹಿಡಿಯಲಾಗದ ಮನುಷ್ಯ ಹೋದ ವರ್ಷ ಅಕ್ಕಿಕಾಳಿನ ಮೇಲೆ ಅಂಕಿ ಬರೆದನಂತೆ.

ಒಂದು ನಂಬರಿನಲ್ಲಿ ಏಳು ಇತ್ತು. ಇನ್ನೊಂದರಲ್ಲೂ ಇತ್ತು. ಎರಡಕ್ಕೂ ಕೆಳಗೆ ಬೆಕ್ಕಿನ ಬಾಲದಂಥ ಸುರುಳಿ. ಅಂದರೆ ಅಳಿಸಿದ ಸರಿ ನಂಬರ್‌ಗಳೆಲ್ಲ ಡೇಲಿಯಾಗೆ ಗೊತ್ತಿದ್ದವು.

ಅವಳು ತಿರುಗಿ ನೋಡಿದಳು. ಎಜ್ರಾ ಮುಂದಿನ ಬೆಂಚಿನ ಮೇಲೆ ಕೂತಿದ್ದ, ಟೋಪಿಯನ್ನು ಮಡಿಲಲ್ಲಿ ಹಿಚುಕುತ್ತ. ಬೆಳಿಗ್ಗೆ ಆ ಟಾರ್ಚ್ ಬೆಳಕಿನಲ್ಲಿ ಒಂದೇ ನೋಟಕ್ಕೆ ಅವನಿಗೆ ಎಲ್ಲ ತಿಳಿದಿತ್ತು. ನಕಲು ಕಟ್ಟಿದವರಿಗೆ ಸರಿ ನಂಬರ್ ಹೇಳಿಕೊಟ್ಟವರು ಯಾರು, ಒಂದನ್ನು ಮಾತ್ರ ಬೇಕೆಂದೇ ತಪ್ಪು ಹೇಳಿದವರು ಯಾರು ಎಂದು. ಅದಕ್ಕೇ ಬೀಗ. ಅದಕ್ಕೇ ಠಾಣೆಗೆ ಅವಸರ.

"ಅವಳು ಒಳ್ಳೆ ಹುಡುಗಿ, ಐನೆಜ್," ಎಂದ ಮೆಲ್ಲಗೆ. "ಏನೋ ಆಗಿರ್ಬೇಕು. ನಂಗೆ ಹೇಳ್ಲಿಲ್ಲ. ರೂಪರ್ಟ್ ಅವಳಿಗೆ ಏನ್ ಮಾಡಿದ್ನೋ, ಅವಳು ಯಾಕೆ ಹೀಗ್ ಮಾಡಿದ್ಲೋ, ನನ್ನಾಣೆ ಗೊತ್ತಿಲ್ಲ. ನಾನು ಮುದುಕ. ನಾನು ಒಳಗೆ ಹೋದ್ರೆ ಯಾರಿಗೇನು ನಷ್ಟ?"

ಐನೆಜ್‌ಗೆ ಅವನ ಪಕ್ಕ ಕೂತು ಅಳಬೇಕೆನಿಸಿತು. ಪರ್ಲ್‌ಳ ಮಗಳು. ತನ್ನ ಮಡಿಲಲ್ಲೇ ಕೂತು ಏಳಕ್ಕೆ ಬಾಲ ಬರೆಯಲು ಕಲಿತ ಮಗು. ಯಾಕೆ? ಗಂಡನಿಗೆ ಶಾಕ್ ಹೊಡೆಯುವಂಥ ಯಂತ್ರ ಕಟ್ಟಲು ಹೇಳಿಕೊಟ್ಟು, ಅಪ್ಪನ ಅಸಲಿಯನ್ನು ಜೋಪಾನವಾಗಿ ದೇವರ ಮನೆಗೆ ತಂದಿಟ್ಟವಳು ಎಂಥವಳು? ಎರಡೂ ಒಂದೇ ಕೈ ಹೇಗಾದೀತು?

"ಇದನ್ನ ಇಲ್ಲಿಗೆ ತಂದಿದ್ದು ಡೇಲಿಯಾ ತಾನೆ, ಪಾಸ್ಟರ್?"

"ಮತ್ಯಾರು? ಪಾಪ, ತಾನೇ ವ್ಯಾನಲ್ಲಿ ಹಾಕ್ಕೊಂಡು ಬಂದ್ಲು." ಪಾಸ್ಟರ್ ಹೂದಾನಿ ಹಿಡಿದುಕೊಂಡೇ ಇದ್ದ, ಅವನ ಮುಖ ಇದ್ದಕ್ಕಿದ್ದಂತೆ ಅರಳಿತು. "ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡಿ! ಈಗ ತಾನೆ ಫೋನ್ ಮಾಡಿದ್ಲು. ರೂಪರ್ಟ್ ಕಣ್ಣು ಬಿಟ್ಟಿದಾನಂತೆ! ಏನೋ ಹೇಳೋಕೆ ಒದ್ದಾಡ್ತಿದಾನಂತೆ. ಸದ್ಯಕ್ಕೆ ಯಾರೂ ಬರ್ಬೇಡಿ, ನಾನೊಬ್ಳೇ ಇರ್ತೀನಿ ಅಂದ್ಲು."

ಗಾಯಕರು ಸ್ತೋತ್ರ ಎಂದರು. ಎಜ್ರಾ ಟೋಪಿಯಿಂದ ಮುಖ ಮುಚ್ಚಿಕೊಂಡ.

ಪಾಸ್ಟರನ ಕೋಣೆಯ ಫೋನಿನಲ್ಲಿ ನಂಬರ್ ತಿರುಗಿಸುವಾಗ ಐನೆಜ್‌ಳ ಬೆರಳು ಎರಡು ಸಲ ತಪ್ಪಿತು. ಬೆಳಿಗ್ಗೆಯ ಅದೇ ನರ್ಸ್.

"ರೂಪರ್ಟ್ ಮ್ಯಾಟಿಸ್ ಹತ್ರ ಯಾರಾದ್ರೂ ಹೋಗಿ ನಿಂತ್ಕೊಳ್ಳಿ, ದಯವಿಟ್ಟು, ಈಗ್ಲೇ! ಅವನನ್ನ ಒಂಟಿಯಾಗಿ ಬಿಡ್ಬೇಡಿ!"

"ಒಂಟಿಯಾಗಿಲ್ಲಮ್ಮ, ಹೆಂಡ್ತಿ ಇದಾರೆ," ನರ್ಸ್‌ನ ದನಿಯಲ್ಲಿ ಸಮಾಧಾನವಿತ್ತು. "ಬಾಗಿಲು ಹಾಕ್ಕೊಂಡಿದಾರೆ. ಡಾಕ್ಟರ್ ಬರೋದು ಇನ್ನೂ ಹೊತ್ತಾಗುತ್ತೆ. ನಾನು ಯಾರನ್ನೂ ಒಳಗೆ ಬಿಟ್ಟಿಲ್ಲ. ನೀವೇ ಹೇಳಿದ್ರಲ್ಲ, ಅವ್ರೊಬ್ರನ್ನ ಬಿಟ್ಟು ಯಾರನ್ನೂ ಬಿಡ್ಬೇಡಿ ಅಂತ."